ಕಾಫಿ ಮಷೀನಿನ ಹಿಂದಿನ ಏಳು ಹಕ್ಕು

ಭಾವನ ಹೊಟ್ಟೆಯಲ್ಲಿ ಗ್ಯಾಸು ಹುಡುಕಲು ಹೋದವರಿಗೆ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆ. ಹೆಸರು ಬೇಡ, ಮುಂದಿನ ಸಲ ನಾನೇ ಅಲ್ಲಿ ಮಲಗಬೇಕಾದೀತು. ನಾಲ್ಕು ತೂತು ಕೊರೆದು ಪಿತ್ತಕೋಶವನ್ನೇ ಹೊರತೆಗೆದ ಸರ್ಜನ್ನರ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ರೌಂಡ್ಸಿಗೆ ಬಂದವರು ಭಾವನ ಭುಜ ತಟ್ಟಿ, "ಇವತ್ತು ಮನೆಗೆ ಹೋಗ್ಬಹುದು" ಅಂದರು. ಅಕ್ಕ ತಕ್ಷಣ ಸೊಸೆಗೆ ಫೋನ್ ಮಾಡಿ ಮಧ್ಯಾಹ್ನಕ್ಕೆ ಮೆತ್ತಗೆ ಅನ್ನ, ತಿಳಿಸಾರು ಮಾಡಿಡು ಅಂದಳು. ಆ ಸಾರು ಮೂರು ಸಲ ಬಿಸಿಯಾಯಿತು. ನಾವು ಗೇಟು ದಾಟಿದ್ದು ರಾತ್ರಿ ಏಳೂ ನಲವತ್ತಕ್ಕೆ.

ಈ ಹತ್ತೂ ಚಿಲ್ಲರೆ ಗಂಟೆ ನಾನು ಪಾರಾಯಣ ಮಾಡಿದ್ದು ಬಿಲ್ಲಿಂಗ್ ಕೌಂಟರಿನ ಪಕ್ಕದ ಗೋಡೆಯ ಮೇಲಿನ ಒಂದು ಬೋರ್ಡನ್ನು. ತಲೆಬರಹ: 'ರೋಗಿಗಳ 17 ಹಕ್ಕುಗಳು'. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದಿನಲ್ಲೂ ಹದಿನೇಳೇ ಇವೆ, ಆದ್ದರಿಂದ ಲೆಕ್ಕ ಸರಿಯಾಗಿತ್ತು. ಆದರೆ ಕೂತಲ್ಲಿಂದ ಹತ್ತರ ತನಕ ಮಾತ್ರ ಓದಬಹುದು. ಹನ್ನೊಂದರಿಂದ ಕೆಳಕ್ಕೆ ಒಂದು ಕಾಫಿ ಮಷೀನು ನಿಂತಿತ್ತು. ಕಾಫಿ, ಟೀ, ಬಾದಾಮಿ ಹಾಲು, ಬಿಸಿನೀರು. ಯಾವ ಗುಂಡಿ ಒತ್ತಿದರೂ ಬರುತ್ತಿದ್ದದ್ದು ಸುಮಾರಾಗಿ ಒಂದೇ ದ್ರವ.

ಮೊದಲ ಹತ್ತು ಹಕ್ಕುಗಳ ಬಗ್ಗೆ ನನ್ನದು ತುಂಬು ಗೌರವ. ತನ್ನ ಕಾಯಿಲೆಯ ಬಗ್ಗೆ ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು ರೋಗಿಯ ಹಕ್ಕಂತೆ. ಆಪರೇಷನ್ನಿನ ಹಿಂದಿನ ರಾತ್ರಿ ಒಬ್ಬ ಹುಡುಗ ಒಂಬತ್ತು ಪುಟದ ಇಂಗ್ಲಿಷ್ ಫಾರಂ ತಂದು, ಪೆನ್ಸಿಲ್ಲಿನಲ್ಲಿ ಗುಣಿಸು ಚಿಹ್ನೆ ಹಾಕಿದ ಕಡೆಯೆಲ್ಲ ಅಕ್ಕನ ಕೈಲಿ ಸಹಿ ಹಾಕಿಸಿಕೊಂಡಿದ್ದ. "ಏನಪ್ಪಾ ಬರ್ದಿದೆ ಇದ್ರಲ್ಲಿ?" ಅಂದಳು ಅಕ್ಕ. "ಏನಿಲ್ಲ ಅಮ್ಮ, ಫಾರ್ಮಾಲಿಟಿ." ಬರೀ ಸಹಿ ಸಾಲದು, ರೋಗಿ ತಿಳಿದು ಕೊಟ್ಟರೆ ಮಾತ್ರ ಅದು ಒಪ್ಪಿಗೆ ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ವಿವರವಾದ ತೀರ್ಪು ಕೊಟ್ಟಿದೆ. ಒಂಬತ್ತು ಪುಟವನ್ನು ಮೂರು ಪದದಲ್ಲಿ ಅನುವಾದಿಸಿದ ಆ ಹುಡುಗನ ಪ್ರತಿಭೆ ನ್ಯಾಯಮೂರ್ತಿಗಳ ಗಮನಕ್ಕೆ ಬಂದಿರಲಾರದು.

ಐದನೆಯದು ಗೌಪ್ಯತೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಇನ್ಶೂರೆನ್ಸ್ ಡೆಸ್ಕಿನ ಹೆಣ್ಣುಮಗಳು ಎದ್ದು ನಿಂತು ಇಡೀ ಲಾಬಿಗೆ ಕೇಳುವಂತೆ, "ಪೈಲ್ಸ್ ಆಪರೇಷನ್ ಪಾರ್ಟಿ ಯಾರು? ಪೈಲ್ಸ್ ಆಪರೇಷನ್!" ಎಂದು ಕೂಗಿದಳು. ನನ್ನ ಪಕ್ಕದಲ್ಲಿದ್ದ ಸಫಾರಿ ಸೂಟಿನ ಮನುಷ್ಯ ಪೇಪರಿನಲ್ಲಿ ಮುಖ ಮುಚ್ಚಿಕೊಂಡೇ ನಡೆದು ಹೋದರು. ದಾರಿ ತಪ್ಪಿ ಕಾಫಿ ಮಷೀನಿಗೆ ಢಿಕ್ಕಿ ಹೊಡೆದರು. ಮಷೀನು ಒಂದಂಗುಲವೂ ಅಲುಗಲಿಲ್ಲ.

ಇನ್ನು ಡಿಸ್ಚಾರ್ಜ್ ಎಂಬ ಮಹಾಯಾಗ. "ಮನೆಗೆ ಹೋಗ್ಬಹುದು" ಅಂದರೆ ಮನೆಗೆ ಹೋಗಬಹುದು ಅಂತಲ್ಲ. ಮನೆಗೆ ಹೋಗುವ ವಿಚಾರವನ್ನು ಇನ್ನು ಮುಂದೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು ಅಂತ. ಹತ್ತು ಗಂಟೆಗೆ ಕೇಳಿದೆ: ಫೈಲ್ ವಾರ್ಡಿನಲ್ಲಿದೆ. ಹನ್ನೊಂದೂವರೆಗೆ: ಸಮರಿ ಟೈಪ್ ಆಗ್ತಿದೆ. ಹನ್ನೆರಡೂವರೆಗೆ: ಡಾಕ್ಟರ್ ಸಹಿ ಬೇಕು, ಅವರು ಓಟಿಯಲ್ಲಿದ್ದಾರೆ. ಎರಡಕ್ಕೆ: ಫಾರ್ಮಸಿ ಕ್ಲಿಯರೆನ್ಸ್. ಮೂರಕ್ಕೆ ವಾರ್ಡಿನವರು "ಕೆಳಗೆ ಕಳ್ಸಿದೀವಿ" ಅಂದರು, ಕೆಳಗಿನವರು "ಇನ್ನೂ ಬಂದಿಲ್ಲ" ಅಂದರು. ನಾಲ್ಕನೆಯ ಮಹಡಿಯಿಂದ ನೆಲಮಹಡಿಗೆ ಹೊರಟ ಫೈಲು ಒಂದು ಗಂಟೆ ಎಲ್ಲಿತ್ತು? ಅದೂ ಎಲ್ಲೋ ಯಾವುದೋ ಬೋರ್ಡು ಓದುತ್ತಾ ಕೂತಿತ್ತೇನೋ.

ಮೊಬೈಲಿನಲ್ಲಿ ಕಾನೂನು ಹುಡುಕಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ: ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಒಪ್ಪಿಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚುವರಿ ದುಡ್ಡು ಕೇಳಿದರೆ ಕಂಪನಿಯೇ ಕಟ್ಟಬೇಕು. ಹುರುಪಿನಿಂದ ಡೆಸ್ಕಿಗೆ ಹೋದೆ. "ಹೌದು ಸಾರ್, ಮೂರೇ ಗಂಟೆ. ನಾವು ಕೋರಿಕೆ ಕಳ್ಸಿದ ಮೇಲೆ" ಅಂದಳು ಹುಡುಗಿ. "ಕಳ್ಸಿದೀರಾ?" "ಬಿಲ್ ಆದ್ಮೇಲೆ ಕಳಿಸ್ತೀವಿ." "ಬಿಲ್ ಯಾವಾಗ ಆಗುತ್ತೆ?" ಅದಕ್ಕೆ ಯಾವ ಪ್ರಾಧಿಕಾರವೂ ಗಡುವು ಇಟ್ಟಂತೆ ಅವಳ ಮುಖದಲ್ಲಿ ಕಾಣಲಿಲ್ಲ. ಓಟದಲ್ಲಿ ಸ್ಟಾಪ್‌ವಾಚು ಓಟಗಾರನ ಕೈಯಲ್ಲೇ ಇದ್ದ ಹಾಗೆ.

ಬಿಲ್ ಕೊನೆಗೂ ಬಂತು, ಏಳು ಪುಟ. ಅಕ್ಕ ಕನ್ನಡಕ ಏರಿಸಿ, ಪಂಚಾಂಗ ನೋಡುವ ಹಾಗೆ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದಳು. ಮೂರು ದಿನಕ್ಕೆ ಮೂವತ್ತೆಂಟು ಜೊತೆ ಗ್ಲೌಸ್. "ಅಲ್ವೋ, ನಿಮ್ಮ ಭಾವನ್ನ ಇಷ್ಟು ಜನ ಯಾವಾಗ ಮುಟ್ಟಿದ್ರು?" ನಾನು ಸಮಾಧಾನ ಹೇಳಿದೆ: ಔಷಧ ಬೆಲೆ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಲಿನ ನಾಲ್ಕು ದೊಡ್ಡ ಖಾಸಗಿ ಆಸ್ಪತ್ರೆಗಳ ಬಿಲ್ಲು ಪರಿಶೀಲಿಸಿದಾಗ ಕೆಲವು ವಸ್ತುಗಳ ಮೇಲೆ ಶೇ 1,737ರಷ್ಟು ಲಾಭ ಕಂಡಿತ್ತಂತೆ, ನಮ್ಮದು ಅದರ ಮುಂದೆ ಧರ್ಮಛತ್ರ. ಅವಳಿಗೆ ಸಮಾಧಾನವಾಗಲಿಲ್ಲ. ಐದನೆಯ ಪುಟದಲ್ಲಿ ಒಂದು ಥರ್ಮಾಮೀಟರು ಸಿಕ್ಕಿತು. ನಾವು ಕೊಂಡಿದ್ದೇವೆ ಅಂತ ಆಗಲೇ ಗೊತ್ತಾಗಿದ್ದು. ಅದು ಪಕ್ಕದ ಹಾಸಿಗೆಯವರ ಜ್ವರ ನೋಡಲು ಹೋಗಿತ್ತು. ಅಕ್ಕ ಹೋಗಿ ತಂದಳು.

ಇಷ್ಟೆಲ್ಲ ನೋಡಿದಾಗ ನೆನಪಾಗುವುದು 2017. ಖಾಸಗಿ ಆಸ್ಪತ್ರೆಗಳ ನಿಯಂತ್ರಣದ ಕಾಯ್ದೆಗೆ, ಅದೇ ಕೆಪಿಎಂಇಗೆ, ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಿದ್ದುಪಡಿ ತಂದರು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು. ಕಡೆಗೆ ಮಸೂದೆಯೇ ಅಡ್ಮಿಟ್ ಆಯಿತು. ಒಳಗೆ ಹೋಗುವಾಗ ಬಾಯಿ ತುಂಬ ಹಲ್ಲಿತ್ತು. ಹೊರಗೆ ಬಂದಾಗ ವೈದ್ಯರಿಗೆ ಜೈಲು ಎಂಬ ಹಲ್ಲು ಕಿತ್ತಿತ್ತು, ದರಕ್ಕೆ ಮಿತಿ ಎಂಬ ಹಲ್ಲು ಅರ್ಧಕ್ಕೆ ಮುರಿದಿತ್ತು. ಬಾಯಲ್ಲಿ ಉಳಿದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ದೂರು ಪ್ರಾಧಿಕಾರ ಮತ್ತು ರೋಗಿಗಳ ಸನ್ನದು. ನಿಮ್ಮ ಜಿಲ್ಲೆಯ ಜಿಲ್ಲಾಧಿಕಾರಿ ಮೂವತ್ತೆಂಟು ಜೊತೆ ಗ್ಲೌಸಿನ ಬಗ್ಗೆ ನಿಮ್ಮ ಅಹವಾಲು ಕೇಳಲು ಕಾತರದಿಂದ ಕೂತಿರುತ್ತಾರೆ ಎಂಬ ವಿಷಯ ನಿಮಗೆ ಗೊತ್ತಿತ್ತೇ? ನನಗೂ ಗೊತ್ತಿರಲಿಲ್ಲ.

ಅದೇ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ. ರೋಗಿ ತೀರಿಕೊಂಡರೆ ಬಾಕಿ ಹಣಕ್ಕೆ ಪಟ್ಟು ಹಿಡಿಯದೆ ದೇಹವನ್ನು ಮನೆಯವರಿಗೆ ಒಪ್ಪಿಸಬೇಕು, ದುಡ್ಡನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಅಂದರೆ ಈ ಕಟ್ಟಡದಿಂದ ತಡವಿಲ್ಲದೆ ಹೊರಬೀಳಲು ಒಂದು ದಾರಿ ಇದೆ. ಭಾವನಿಗೆ ನಾನು ಇದನ್ನು ಹೇಳಲಿಲ್ಲ. ಮನುಷ್ಯ ಆಗಲೇ ಹಸಿದಿದ್ದ.

ಸರ್ಕಾರಿ ಆಸ್ಪತ್ರೆಯಲ್ಲಿ ಬಿಲ್ಲೇ ಇಲ್ಲವಲ್ಲ ಅನ್ನುವವರಿದ್ದಾರೆ. ಅಲ್ಲಿ ಏಳು ಪುಟದ ಬದಲು ಏಳು ಕೈಗಳಿರುತ್ತವೆ: ಸ್ಟ್ರೆಚರ್ ತಳ್ಳಿದ ಕೈ, ಗೇಟು ತೆಗೆದ ಕೈ, ಹುಟ್ಟಿದ ಕೂಸನ್ನು ತೋರಿಸಿದ ಕೈ. ಗ್ಲೌಸು ಮಾತ್ರ ಯಾವುದಕ್ಕೂ ಇರುವುದಿಲ್ಲ.

ಬೋರ್ಡಿನ ಪಕ್ಕದಲ್ಲೇ ಇನ್ನೊಂದು ಬೋರ್ಡಿತ್ತು: 'ರೋಗಿಗಳ ಜವಾಬ್ದಾರಿಗಳು'. ಅದರ ಮುಂದೆ ಯಾವ ಮಷೀನೂ ಇರಲಿಲ್ಲ, ಮೇಲೆ ಪ್ರತ್ಯೇಕ ಟ್ಯೂಬ್‌ಲೈಟ್ ಬೇರೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ಸಿಬ್ಬಂದಿಯ ಮೇಲೆ ಕೈ ಮಾಡಬಾರದು ಅಂತ ಬರೆದಿತ್ತು, ಸರಿಯೇ. ಹಾಗೆ ಕೈ ಮಾಡುವವರನ್ನು ಜೈಲಿಗೆ ಹಾಕಲು ರಾಜ್ಯದಲ್ಲಿ 2009ರಿಂದಲೇ ಕಾಯ್ದೆ ಇದೆ. ಕಾಯಿಲೆಯ ಪೂರ್ತಿ ವಿವರ ವೈದ್ಯರಿಗೆ ಹೇಳಬೇಕು ಅಂತಲೂ ಇತ್ತು. ಅಡ್ಮಿಶನ್ನಿನ ದಿನ ಡಾಕ್ಟರು ಭಾವನನ್ನು, "ಸಕ್ಕರೆ ಕಾಯಿಲೆ ಇದ್ಯಾ?" ಅಂತ ಕೇಳಿದ್ದರು. "ಛೇ, ಇಲ್ಲ ಡಾಕ್ಟ್ರೇ. ಒಂಚೂರು ಶುಗರ್ ಇದೆ ಅಷ್ಟೆ." "ಡ್ರಿಂಕ್ಸ್?" ಭಾವ ಅಕ್ಕನ ಕಡೆ ನೋಡಿ, "ಯಾರಾದ್ರೂ ಫೋರ್ಸ್ ಮಾಡಿದ್ರೆ" ಅಂದಿದ್ದ. ಹದಿನೆಂಟು ವರ್ಷದಿಂದ ಪ್ರತಿ ಶನಿವಾರ ಯಾರೋ ಅವನನ್ನು ಫೋರ್ಸ್ ಮಾಡುತ್ತಿದ್ದಾರೆ. ಒಬ್ಬ ರೋಗಿಗೆ ಒಬ್ಬರೇ ಸಂದರ್ಶಕರು ಅನ್ನುವುದೂ ಇತ್ತು. ಎರಡನೆಯ ದಿನ ಚನ್ನರಾಯಪಟ್ಟಣದಿಂದ ಒಂದು ಟೆಂಪೊ ಟ್ರಾವೆಲರ್ ಬಂದಿಳಿದಾಗ ಸೆಕ್ಯುರಿಟಿಯವನು ಒಂದೇ ಪಾಸಿನಲ್ಲಿ ಹನ್ನೊಂದು ಜನ, ಐದು ಕೆಜಿ ದ್ರಾಕ್ಷಿ, ಒಂದು ಮಗುವನ್ನು ಒಳಗೆ ಬಿಟ್ಟ. ಬಿಟ್ಟದ್ದಕ್ಕೆ ಕಾರಣ, ಅವರಲ್ಲೊಬ್ಬರು "ಎಮ್ಮೆಲ್ಲೆ ಕಡೆಯವ್ರು" ಅಂದದ್ದು. ಯಾವ ಎಮ್ಮೆಲ್ಲೆ ಅಂತ ಅವನೂ ಕೇಳಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಏಳೂ ಕಾಲಿಗೆ ಇನ್ಶೂರೆನ್ಸಿನವರ ಒಪ್ಪಿಗೆ ಬಂತು, ಗ್ಲೌಸುಗಳನ್ನು ಬಿಟ್ಟು. ಅವು ಪಾಲಿಸಿಯಲ್ಲಿ ಬರುವುದಿಲ್ಲವಂತೆ. ಕಟ್ಟಿದೆವು. ಗೇಟ್‌ಪಾಸ್ ಕೊಟ್ಟರು. ಭಾವನನ್ನು ವೀಲ್‌ಚೇರಿನಲ್ಲಿ ಕೂರಿಸಿ ಲಾಬಿಗೆ ತಂದಾಗ ಕಾಫಿ ಮಷೀನಿಗೆ ಹಾಲಿನ ಪುಡಿ ತುಂಬುವ ಹುಡುಗ ಬಂದಿದ್ದ. ಮಷೀನನ್ನು ಎಳೆದು ಆಚೆ ಸರಿಸಿದ್ದ.

ನಾನು ಓಡಿಹೋಗಿ ಬಗ್ಗಿ ನೋಡಿದೆ. ಹನ್ನೊಂದು: ಔಷಧವನ್ನು ತನಗಿಷ್ಟವಾದ ಅಂಗಡಿಯಲ್ಲಿ ಕೊಳ್ಳುವ ಹಕ್ಕು. ಹದಿನೈದು: ಡಿಸ್ಚಾರ್ಜ್ ಪಡೆಯುವ ಹಕ್ಕು, ಬಿಲ್ಲಿನ ತಕರಾರಿನ ನೆಪದಲ್ಲಿ ರೋಗಿಯನ್ನು ತಡೆದಿಡುವಂತಿಲ್ಲ. ಹದಿನೇಳು: ದೂರು ಕೊಡುವ ಹಕ್ಕು, ಸಂಪರ್ಕಿಸಬೇಕಾದ ನಂಬರು. ನಂಬರಿನ ಕೊನೆಯ ನಾಲ್ಕು ಅಂಕೆ ಬಿಸಿನೀರಿನ ಹಬೆಗೆ ಸುಲಿದು ಹೋಗಿದ್ದವು.

ಫೋಟೊ ತೆಗೆಯಲು ಮೊಬೈಲ್ ಎತ್ತಿದೆ.

"ಸಾರ್, ಸ್ವಲ್ಪ ಸೈಡಿಗೆ ಬನ್ನಿ" ಅಂದ ಹುಡುಗ. "ಪ್ಲಗ್ ಇಲ್ಲೇ ಇರೋದು."