ಮುಂದಿನದು 43, ಹಿಂದಿನದು 41

ಸೆಕೆಂಡ್ ಹ್ಯಾಂಡ್ ಪಿಕಪ್ ಮಾರಿದವರು ಹೇಳಿದ ಮಾತುಗಳಲ್ಲಿ ಒಂದು ಮಾತ್ರ ನೂರಕ್ಕೆ ನೂರು ನಿಜ. ‘ಫೋರ್ ವೀಲ್ ಐತ್ರಿ, ಆದ್ರ ಒಂದ್ ಸಲಾನೂ ಹಾಕಿಲ್ರಿ.’ ಯಾಕೆ ಹಾಕಿರಲಿಲ್ಲ ಅನ್ನೋದು ಗಾಡಿ ನಮ್ಮನೆ ಮುಂದೆ ಬಂದು ನಿಂತ ಮೇಲೆ ಗೊತ್ತಾಯಿತು.

ನಮ್ಮದು ಗಂಗಾವತಿ. ಮಾವನವರ ಗದ್ದೆ ಕಾರಟಗಿ ಕಡೆ. ಎಡದಂಡೆ ಕಾಲುವೆಗೆ ನೀರು ಬಿಟ್ಟು, ಮೇಲೊಂದು ಮಳೆ ಬಿತ್ತು ಅಂದ್ರೆ ಅಲ್ಲಿನ ಎರೆಮಣ್ಣಿನ ದಾರಿಯಲ್ಲಿ ಚಪ್ಪಲಿ ಹಾಕಿಕೊಂಡು ಹೋದವನು ಬರಿಗಾಲಲ್ಲಿ ವಾಪಸ್ ಬರ್ತಾನೆ. ಗೊಬ್ಬರದ ಚೀಲ ಒಯ್ಯೋಕೆ ನಾಲ್ಕೂ ಗಾಲಿ ಎಳೆಯೋ ಗಾಡಿನೇ ಬೇಕು ಅಂದರು ಮಾವ. ಬೇಡ ಅಂದಳು ಹೆಂಡತಿ. ಮಾವ ಗೆದ್ದರು. ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಕೆಸರಲ್ಲಿ ಗಾಡಿ ಚಿನ್ನ. ತಕರಾರು ಶುರುವಾಗೋದು ಕೆಸರು ದಾಟಿ ಡಾಂಬರು ರಸ್ತೆಗೆ ಬಂದ ಮೇಲೆ. ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಗಾಡಿ ಬಿಗಿಯುತ್ತೆ. ಕೆಳಗಿಂದ ಕಟಕಟ ಸದ್ದು. ಸರಿ, ಹಿಂದಿನ ಎರಡೇ ಗಾಲಿ ಎಳೆಯೋ ಟೂ ವೀಲಿಗೆ ಹಾಕೋಣ ಅಂತ ಲಿವರ್ ಎಳೆದರೆ ಅದು ಜಪ್ಪಯ್ಯ ಅಂದರೂ ಬರೋದಿಲ್ಲ. ಎರಡೂ ಕೈ ಹಾಕಿ, ಕಾಲು ಡ್ಯಾಶ್‌ಬೋರ್ಡಿಗೆ ಒತ್ತಿ ಎಳೆದರೂ ಇಲ್ಲ. ಅದಕ್ಕೆ ಮದ್ದು ಒಂದೇ: ರಿವರ್ಸ್. ನಾಲ್ಕು ಮಾರು ಹಿಂದಕ್ಕೆ ಹೋದರೆ ಒಳಗೆ ಸುತ್ತಿಕೊಂಡಿದ್ದ ಬಿಗುವು ಬಿಚ್ಚಿ, ‘ಟಣ್’ ಅಂತ ಸದ್ದಾಗಿ, ಲಿವರ್ ತಾನಾಗೇ ಬರುತ್ತೆ. ಹೀಗೆ ಕಾರಟಗಿ ರಸ್ತೆಯಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಇದ್ದಾಗ ಭತ್ತದ ಟ್ರ್ಯಾಕ್ಟರಿನವನೊಬ್ಬ ಪಕ್ಕಕ್ಕೆ ಬಂದು, ‘ಯಾಕ್ರೀ ಸಾವ್ಕಾರ್ರ, ಗದ್ಯಾಗ ಏನಾರ ಮರ್ತ್ ಬಂದೀರೇನು?’ ಅಂತ ಕೇಳಿದ.

ಸುದ್ದಿ ಹಬ್ಬಿತು. ನಮ್ಮ ಕಡೆ ಇಂಥದ್ದಕ್ಕೆ ಜನ ಕಡಿಮೆ ಬೀಳೋದಿಲ್ಲ. 2024ರ ಆಗಸ್ಟಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಿತ್ತು ಕೊಚ್ಚಿಹೋಯಿತಲ್ಲ, ಆಗ ಇಲ್ಲಿನ ಒಂದೊಂದು ಮಿರ್ಚಿ ಅಂಗಡಿ ಮುಂದೆಯೂ ಒಬ್ಬೊಬ್ಬ ಚೀಫ್ ಎಂಜಿನಿಯರ್ ಹುಟ್ಟಿಕೊಂಡಿದ್ದ. ಚೈನ್ ಎಷ್ಟು ದಪ್ಪ ಇರಬೇಕಿತ್ತು ಅಂತ ಬಜ್ಜಿಯಲ್ಲೇ ಅಳತೆ ತೋರಿಸ್ತಿದ್ದರು. ತಾತ್ಕಾಲಿಕ ಗೇಟು ಕೂರಿಸಿದ ಮೇಲೆ ಪಾಪ, ಅವರಿಗೆಲ್ಲ ಕೆಲಸ ಇರಲಿಲ್ಲ. ನನ್ನ ಪಿಕಪ್ ಸಿಕ್ಕಿತು.

ಸ್ಪೇರ್ ಪಾರ್ಟ್ಸ್ ಅಂಗಡಿಯವರು ಸದ್ದು ಕೇಳೋ ಮುಂಚೆನೇ ‘ಕ್ರಾಸ್ ಹೋಗೈತಿ’ ಅಂದರು, ಅಂದ್ರೆ ಗೇರ್‌ಬಾಕ್ಸಿನಿಂದ ಗಾಲಿ ಕಡೆ ಹೋಗೋ ಶಾಫ್ಟಿನ ಕೀಲು. ಅವರ ಹತ್ರ ಕ್ರಾಸ್ ಸ್ಟಾಕ್ ಇತ್ತು. ಹಾಕಿಸಿದ್ದಾಯಿತು. ಅಕ್ಕಿ ಗಿರಣಿಯ ಕಾಕಾ ‘ಸೆಂಟರ್ ಬೇರಿಂಗ್’ ಅಂದರು. ಗಿರಣಿಯಲ್ಲಿ ಏನೇ ಕೆಟ್ಟರೂ ಅದು ಬೇರಿಂಗೇ ಅಂತೆ. ಅದೂ ಹೊಸದಾಯಿತು. ಟೈರ್ ಅಂಗಡಿಯವನು ಅಲೈನ್‌ಮೆಂಟ್ ಅಂದ. ಬೋರ್‌ವೆಲ್ ಲಾರಿಯ ಡ್ರೈವರ್ ಗೇರ್ ಆಯಿಲ್ ಬದಲಿಸಿ ಅಂದ. ಅತ್ತೆ ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಇಷ್ಟರಲ್ಲಿ ತೀರಾ ಕಡಿಮೆ ಖರ್ಚಿನದು ಅದೊಂದೇ.

ಹೆಂಡತಿಯ ತಮ್ಮ ಮಾತ್ರ ಅರ್ಧ ಸರಿ ಹೇಳಿದ. ‘ಭಾವಾ, ಒಣಾ ರೋಡಿನ್ಯಾಗ ಫೋರ್ ವೀಲ್ ಹಾಕಬಾರ್ದು.’ ನಿಜ. ಇಂಥ ಗಾಡಿಗಳಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ಡಿಫರೆನ್ಶಿಯಲ್, ಅಂದ್ರೆ ಎರಡೂ ಕಡೆ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು, ಇರೋದಿಲ್ಲ. ತಿರುವಲ್ಲಿ ಮುಂದಿನ ಗಾಲಿ ಜಾಸ್ತಿ ದೂರ ಹೋಗಬೇಕು, ಹಿಂದಿನದು ಕಡಿಮೆ. ಕೆಸರಲ್ಲಾದರೆ ಗಾಲಿ ಜಾರಿ ಲೆಕ್ಕ ಚುಕ್ತಾ ಆಗುತ್ತೆ. ಡಾಂಬರಲ್ಲಿ ಜಾರೋದಿಲ್ಲ, ಬಿಗಿಯುತ್ತೆ. ಆದರೆ ನನ್ನ ಗಾಡಿ ತಿರುವೇ ಇಲ್ಲದ ನೆಟ್ಟಗಿನ ರಸ್ತೆಯಲ್ಲೂ ಬಿಗಿಯುತ್ತಿತ್ತಲ್ಲ? ಅದಕ್ಕೆ ಅವನು ‘ಹಂಗಾರ ಗಾಡಿ ಮಾರಿಬಿಡ್ರಿ’ ಅಂದ.

ಕೊನೆಗೆ ರಾಯಚೂರು ರಸ್ತೆಯ ಚಾಚಾನ ಶೆಡ್ಡಿಗೆ ಹೋದೆ. ಚಾಚಾ ಕೇಳಿದ್ದು ಎರಡೇ ಪ್ರಶ್ನೆ. ನೆಟ್ಟಗೆ ಹೋಗುವಾಗಲೂ ಬಿಗಿಯುತ್ತಾ? ಹೂಂ. ಮುಂದಿನ ಗಾಲಿಯ ಹಬ್ ಲಾಕ್ ಬಿಚ್ಚಿ ಫೋರ್ ವೀಲ್ ಹಾಕಿ ನೋಡೀರಾ? ಇಲ್ಲ. (ಹಬ್ ಲಾಕ್ ಅಂದ್ರೆ ಮುಂದಿನ ಗಾಲಿಯನ್ನು ಆಕ್ಸಲಿಗೆ ಸೇರಿಸೋ ಕೊಂಡಿ.) ಅಲ್ಲೇ ಹಬ್ಬನ್ನು ಕೈಯಲ್ಲಿ ತಿರುಗಿಸಿ ಫ್ರೀ ಮಾಡಿ, ಫೋರ್ ವೀಲ್ ಹಾಕಿ ಒಂದು ಸುತ್ತು ಹೊಡೆದರು. ಕಟಕಟ ಇಲ್ಲ, ಬಿಗುವೂ ಇಲ್ಲ, ಲಿವರ್ ಒಂದೇ ಬೆರಳಿಗೆ ಬಂತು. ‘ಗೇರ್‌ಬಾಕ್ಸ್ ಬಿಚ್ಚೋದು ಬ್ಯಾಡ ತಮ್ಮಾ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಜಗಳ ಐತಿ’ ಅಂದರು. ಬಿಚ್ಚದೇ ಇರೋಕೆ ಹೇಳಿದ ಮೆಕ್ಯಾನಿಕ್ಕನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮೊದಲು ದಾರದಲ್ಲಿ ನಾಲ್ಕೂ ಟೈರಿನ ಸುತ್ತಳತೆ ನೋಡಿದರು. ಒಂದು ದೊಡ್ಡದು ಒಂದು ಚಿಕ್ಕದು ಇದ್ದರೂ ಹೀಗೇ ಆಗುತ್ತಂತೆ. ಎಲ್ಲ ಒಂದೇ ಇತ್ತು. ಆಮೇಲೆ ಗಾಡಿ ನ್ಯೂಟ್ರಲ್, ಟೂ ವೀಲ್. ನೆಲದ ಮೇಲಿರೋ ಗಾಲಿಗಳಿಗೆ ಕಲ್ಲು. ಹಿಂದಿನ ಒಂದು ಗಾಲಿಯನ್ನು ಮಾತ್ರ ಜಾಕ್ ಹಾಕಿ ಎತ್ತಿದರು. ಟೈರಿಗೊಂದು ಚಾಕ್‌ಪೀಸ್ ಗೆರೆ, ಪ್ರೊಪೆಲ್ಲರ್ ಶಾಫ್ಟಿಗೊಂದು ಗೆರೆ. ಹುಡುಗ ಗಾಲಿಯನ್ನು 20 ಸುತ್ತು ತಿರುಗಿಸಬೇಕು, ನಾನು ಕೆಳಗೆ ಮಲಗಿ ಶಾಫ್ಟಿನ ಸುತ್ತು ಎಣಿಸಬೇಕು. ಮುಖದ ಮೇಲೆ ಒಣಗಿದ ಎರೆಮಣ್ಣು ಉದುರ್ತಾ ಇದೆ. ಪಕ್ಕದಲ್ಲಿ ಚೀಫ್ ಎಂಜಿನಿಯರುಗಳ ಪೈಕಿ ಇಬ್ಬರು ಚಹಾ ಹಿಡಿದು ಗಟ್ಟಿಯಾಗಿ ಬೇರೆ ಬೇರೆ ನಂಬರ್ ಹೇಳ್ತಾ ಇದ್ದಾರೆ. ಬಂದದ್ದು 41. ಮುಂದಿನ ಗಾಲಿಗೂ ಹಾಗೇ, ಹಬ್ ಲಾಕ್ ಮಾಡಿ, 20 ಸುತ್ತು. 43.

ಇನ್ನೊಂದು ಗಾಲಿ ನೆಲ ಕಚ್ಚಿ ನಿಂತಿರೋದರಿಂದ ಎತ್ತಿದ ಗಾಲಿಯ 20 ಸುತ್ತು ಆಕ್ಸಲಿಗೆ ಹತ್ತೇ ಸುತ್ತಿನ ಲೆಕ್ಕ. ಆಕ್ಸಲ್ ಒಂದು ಸುತ್ತು ತಿರುಗೋಕೆ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋದೇ ರೇಶಿಯೋ. ಅಂದ್ರೆ ಹಿಂದಿನ ರೇಶಿಯೋ 4.1, ಮುಂದಿನದು 4.3. ಶಾಫ್ಟುಗಳೆರಡೂ ಒಂದೇ ವೇಗದಲ್ಲಿ ತಿರುಗಿದಾಗ ಹಿಂದಿನ ಗಾಲಿ 100 ಮೀಟರ್ ಹೋಗೋಣ ಅಂದರೆ ಮುಂದಿನದು 95 ಸಾಕು ಅಂತಿತ್ತು. ನಮ್ಮ ಮಾವ, ನನ್ನ ಹೆಂಡತಿ ಗಾಡಿ ತಗೊಳ್ಳೋ ವಿಷಯದಲ್ಲಿ ಆಡಿದ್ದೂ ಹೆಚ್ಚುಕಡಿಮೆ ಇದೇ. ಹಿಂದಿನ ಹೌಸಿಂಗ್, ಅಂದ್ರೆ ಆಕ್ಸಲಿನ ಗೇರುಗಳ ಗೂಡು, ಬಿಚ್ಚಿ ಎಣಿಸಿದರೆ ಕ್ರೌನ್ ಅನ್ನೋ ದೊಡ್ಡ ಗೇರಿಗೆ 41 ಹಲ್ಲು, ಪಿನಿಯನ್ ಅನ್ನೋ ಚಿಕ್ಕದಕ್ಕೆ 10. ಯಾವಾಗಲೋ ಹಿಂದಿನದು ಕೆಟ್ಟಾಗ ಪುಣ್ಯಾತ್ಮರು ಯಾರೋ ಟೂ ವೀಲ್ ಗಾಡಿಯ ಹೌಸಿಂಗ್ ತಂದು ಕೂರಿಸಿದ್ದರು. ಬೋಲ್ಟೆಲ್ಲ ಸರಿಯಾಗಿ ಕೂತಿತ್ತು. ಇನ್ನೇನು ಬೇಕು?

43ರ ಹೌಸಿಂಗ್ ಹುಡುಕಿಕೊಂಡು ಬಳ್ಳಾರಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಜೇಬಲ್ಲಿ ಚಾಕ್‌ಪೀಸ್. ‘ಅದೇ ಗಾಡೀದೇ ಐತ್ರಿ, ನಂಬ್ರಿ’ ಅನ್ನೋರು ಎಲ್ಲರೂ. ನಾನು ಕೂತು ಎಣಿಸೋಕೆ ಶುರು ಮಾಡಿದರೆ ಮುಖ ಸಿಂಡರಿಸೋರು. ಕೊನೆಗೊಂದು ಕಡೆ ಸರಿಯಾಗಿ 43 ಬಂತು. ಚಾಚಾ ಕೂರಿಸಿದರು. ಈಗ ಗಾಡಿ ಗದ್ದೆ ದಾಟಿ ಡಾಂಬರಿಗೆ ಬಂದರೆ ಲಿವರ್ ಸುಮ್ನೆ ಬರುತ್ತೆ. ಹೊಸ ಕ್ರಾಸು, ಹೊಸ ಬೇರಿಂಗು, ಹೊಸ ಆಯಿಲು ಎಲ್ಲ ಜೊತೆಗೇ ಇವೆ.

ಹಳೇ ಹೌಸಿಂಗನ್ನು ಅದೇ ಗುಜರಿಯವರು ಎಕ್ಸ್‌ಚೇಂಜಿಗೆ ಒಪ್ಪಿಕೊಂಡಿದ್ದರು. ಮುಂದೆ ತಗೊಳ್ಳೋರಿಗೆ ಅನುಕೂಲ ಆಗಲಿ ಅಂತ ಅದರ ಮೇಲೆ ದಪ್ಪಗೆ 41 ಅಂತ ಬರೆದುಕೊಟ್ಟೆ. ನಾನು ಗಾಡಿ ಹತ್ತಿ ಸ್ಟಾರ್ಟ್ ಮಾಡೋದರೊಳಗೆ ಅಂಗಡಿಯ ಹುಡುಗ ಡೀಸೆಲ್ ಬಟ್ಟೆ ತಂದು ಅದನ್ನು ತಿಕ್ಕಿ ತಿಕ್ಕಿ ಒರೆಸ್ತಾ ಇದ್ದ.