ಲ್ಯಾಬಿಗೆ ಹೊಸ ಮೆಷಿನ್ ಬಂದರೆ ಸಾಕೇ?

ಕಾಸರಗೋಡಿನಲ್ಲಿ ಸರಕಾರಿ ಆಸ್ಪತ್ರೆಯ ಲ್ಯಾಬಿನ ಮಾತು ಬಂದಾಗಲೆಲ್ಲ ಬೇಡಿಕೆ ಒಂದೇ, ಹೊಸ ಮೆಷಿನ್ ಬೇಕು. ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಲ್ಯಾಬ್ ಟೆಕ್ನೀಷಿಯನ್ ಆಗಿ ದುಡಿದವಳಾಗಿ ಹೇಳುತ್ತೇನೆ, ಎಡವಟ್ಟು ಹೆಚ್ಚಾಗಿ ಆಗುವುದು ರಕ್ತ ಮೆಷಿನ್ನಿಗೆ ಸೇರುವ ಮೊದಲು ಮತ್ತು ರಿಪೋರ್ಟ್ ಹೊರಬಂದ ಮೇಲೆ.

ಸಮಯವನ್ನೇ ನೋಡಿ. ದೇಲಂಪಾಡಿಯಿಂದಲೋ ಎಣ್ಮಕಜೆಯಿಂದಲೋ ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹತ್ತಿ ಬಂದ ಅಜ್ಜಿ ಒಪಿ ಚೀಟಿಗೆ ಸಾಲು ನಿಲ್ಲಬೇಕು, ಮತ್ತೆ ಡಾಕ್ಟರ ಬಾಗಿಲಲ್ಲಿ, ಮತ್ತೆ ಲ್ಯಾಬಿನೆದುರು. ರಕ್ತ ಕೊಡುವಾಗ ಹನ್ನೊಂದು ದಾಟಿರುತ್ತದೆ. ರಿಪೋರ್ಟ್ ಸಿಗುವಾಗ ಡಾಕ್ಟರು ಎದ್ದು ಹೋಗಿರುತ್ತಾರೆ. ನಾಳೆ ಬನ್ನಿ ಎಂದರೆ ಜೊತೆಗೆ ಬಂದ ಮಗನ ಇನ್ನೊಂದು ದಿನದ ಕೂಲಿಯೂ ಹೋಯಿತು. ಕೈಯಲ್ಲಿ ನಾಲ್ಕು ಕಾಸಿದ್ದವರು ಖಾಸಗಿ ಲ್ಯಾಬಿಗೆ ಹೋಗುತ್ತಾರೆ, ಇಲ್ಲವೇ ತಲಪಾಡಿ ದಾಟಿ ಮಂಗಳೂರಿಗೆ. 2020ರ ಮಾರ್ಚಿನಲ್ಲಿ, ಕೊರೋನಾ ಹೊತ್ತಿನಲ್ಲಿ, ಕರ್ನಾಟಕ ಆ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ನಾವು ಪಟ್ಟ ಪಾಡನ್ನು ಇಷ್ಟು ಬೇಗ ಮರೆಯಬಾರದಿತ್ತು.

ಶುಗರಿನವರಿಗೆ ಮುಂದಿನ ಸಲದ ಟೆಸ್ಟನ್ನು ಈ ಸಲವೇ ಬರೆದುಕೊಟ್ಟು, ಬೆಳಗ್ಗೆ ಬೇಗ ನೇರವಾಗಿ ರಕ್ತ ತೆಗೆದರೆ ಡಾಕ್ಟರನ್ನು ನೋಡುವ ಹೊತ್ತಿಗೆ ರಿಪೋರ್ಟ್ ಸಿದ್ಧವಿರುತ್ತದೆ. ಇದಕ್ಕೆ ಡ್ಯೂಟಿಯ ಹೊತ್ತು ಬದಲಾಗಬೇಕು, ಲ್ಯಾಬಿಗೆ ಇನ್ನೊಬ್ಬರು ಬೇಕು, ಅಷ್ಟೆ.

ಕೇರಳದ ‘ನಿರ್ಣಯ’ ಲ್ಯಾಬ್ ಜಾಲದ ಆಲೋಚನೆ ನನಗೆ ತುಂಬ ಇಷ್ಟ. ರೋಗಿ ಊರಲ್ಲೇ ಇರಲಿ, ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗಲಿ. ಆದರೆ ರಕ್ತ ಜೀವಂತ ವಸ್ತು. ಮಾಮೂಲಿ ಟ್ಯೂಬಿನಲ್ಲಿ ಹಾಗೇ ಬಿಟ್ಟರೆ ಅದರ ಸಕ್ಕರೆ ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ, ರಕ್ತಕಣಗಳೇ ತಿಂದುಬಿಡುತ್ತವೆ. ಸಕ್ಕರೆ ಪರೀಕ್ಷೆಗೆಂದೇ ಇರುವ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಕೂಡ ಮೊದಲ ಒಂದೆರಡು ಗಂಟೆ ಇದನ್ನು ಪೂರ್ತಿ ತಡೆಯಲಾರದು. ಹಾಗೆಂದು ಸೀರಂ, ಅಂದರೆ ರಕ್ತದ ತಿಳಿಯನ್ನು ಬೇರೆ ಮಾಡದೆ ಐಸಿನಲ್ಲಿಟ್ಟು ಕಳಿಸಿದರೆ ಪೊಟ್ಯಾಸಿಯಂ ಸುಳ್ಳುಸುಳ್ಳೇ ಏರುತ್ತದೆ. ಇಲ್ಲದ ಕಾಯಿಲೆಗೆ ಮದ್ದು ಶುರುವಾಗಲು ಇನ್ನೇನು ಬೇಕು? ಆದ್ದರಿಂದ ಸ್ಯಾಂಪಲ್ ತೆಗೆಯುವ ಪ್ರತಿ ಕುಟುಂಬ ಆರೋಗ್ಯ ಕೇಂದ್ರದಲ್ಲೂ ರಕ್ತವನ್ನು ಗಿರಗಿರ ತಿರುಗಿಸಿ ಸೀರಂ ಬೇರೆ ಮಾಡುವ ಸೆಂಟ್ರಿಫ್ಯೂಜ್ ಕೆಲಸ ಮಾಡುವ ಸ್ಥಿತಿಯಲ್ಲಿ ಇರಬೇಕು, ರಕ್ತ ತೆಗೆದ ಹೊತ್ತು ಟ್ಯೂಬಿನ ಮೇಲಿರಬೇಕು, ಗಾಡಿ ಹೊರಡುವ ಹೊತ್ತು ಗೋಡೆಯ ಮೇಲಿರಬೇಕು.

ಇನ್ನು ಕಫ ಪರೀಕ್ಷೆ. ಡಬ್ಬಿ ಕೈಗಿಟ್ಟು ಗೋಡೆಯ ಮಲಯಾಳಂ ಬರಹ ತೋರಿಸಿದರೆ ಪೈವಳಿಕೆಯ ಮುದುಕರಿಗೆ ಏನು ತಿಳಿಯಬೇಕು? ಬೆಳಗ್ಗೆ ಎದ್ದು ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಬರೀ ಎಂಜಲು ಬಂದರೆ ಕ್ಷಯ ಇದ್ದರೂ ಸಿಗದೆ ಹೋಗಬಹುದು, ಮನೆಯ ಮಕ್ಕಳಿಗೂ ಹರಡಬಹುದು. ಎರಡು ಸಾಲಿನ ಕನ್ನಡ ಚೀಟಿಗೆ ಖರ್ಚೆಷ್ಟು! ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ನಾವು ಹೋರಾಡುವ ಪಟ್ಟಿಯಲ್ಲಿ ಇದು ಮೊದಲು ಬರಬೇಕು.

ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 4 ಎಂದು, ಅಂದರೆ ಜೀವಕ್ಕೇ ಅಪಾಯವಾಗುವಷ್ಟು ಕಡಿಮೆ ಕಂಡರೆ ಅದು ಟ್ರೇಯಲ್ಲಿ ಕಾದು ಕೂರಬಾರದು. ಟೆಕ್ನೀಷಿಯನ್ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಯಾರಿಗೆ ಎಷ್ಟು ಹೊತ್ತಿಗೆ ತಿಳಿಸಿದೆ ಎಂದು ಪುಸ್ತಕದಲ್ಲಿ ಬರೆಯಬೇಕು.

ಕೇರಳದಲ್ಲಿ ಈ ಕುಟುಂಬ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತಿನ ಕೈಯಲ್ಲಿವೆ. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ ಸೆಂಟ್ರಿಫ್ಯೂಜ್ ಓಡುತ್ತಿದೆಯೇ, ಲ್ಯಾಬ್ ಎಷ್ಟು ಗಂಟೆಗೆ ತೆರೆಯುತ್ತದೆ, ಕನ್ನಡ ಚೀಟಿ ಯಾವಾಗ ಎಂದು ಕೇಳಿ. ಉತ್ತರ ಏನು ಬಂತೆಂದು ಇಲ್ಲಿ ಕಮೆಂಟಿನಲ್ಲಿ ಬರೆಯಿರಿ, ಎಲ್ಲವನ್ನೂ ಸೇರಿಸಿ ಒಂದು ಮನವಿ ಮಾಡೋಣ.