ನಲವತ್ತೇಳು, ನಲವತ್ತೆಂಟು...

ನಮ್ಮ ಮನೆಯವರಿಗೆ ಡಾಕ್ಟರು ಹೇಳಿದ್ದು ಒಂದೇ ಮಾತು: "ದಿನಾ ಸ್ವಲ್ಪ ನಡೀರಿ." ಇವರ ಕಿವಿಗೆ ಬಿದ್ದದ್ದು "ಕೈಗೆ ಕಟ್ಟಿ ಹೆಜ್ಜೆ ಎಣಿಸೋ ಫಿಟ್‌ನೆಸ್ ಬ್ಯಾಂಡ್ ತಗೊಳ್ಳಿ" ಅಂತ. ನಡಿಗೆ ಇನ್ನೂ ಶುರುವಾಗಿಲ್ಲ. ಸಂಶೋಧನೆ ಮಾತ್ರ ಜೋರಾಗಿದೆ.

ರಾತ್ರಿ ಊಟಕ್ಕೆ ಕೂತರೆ ತಟ್ಟೆ ಪಕ್ಕ ಮೊಬೈಲು. ಅದರಲ್ಲಿ ಯಾರೋ ಹುಡುಗ ಹೊಸ ಬ್ಯಾಂಡಿನ ಡಬ್ಬಿ ಬಿಚ್ಚುತ್ತಿರುತ್ತಾನೆ. "ಸಾರು ಹೇಗಿದೆ?" ಅಂದರೆ "ಅಮೊಲೆಡ್ ಸ್ಕ್ರೀನ್ ಚೆನ್ನಾಗಿದೆ, ಆದ್ರೆ ಜಿಪಿಎಸ್ ಇಲ್ಲ" ಅಂತಾರೆ. ಜಿಪಿಎಸ್ ಇದ್ದರೆ ಎಲ್ಲೆಲ್ಲಿ ನಡೆದೆವು ಅಂತ ನಕ್ಷೆ ಬರುತ್ತಂತೆ. ಸೋಫಾದಿಂದ ಫ್ರಿಜ್ಜಿಗೆ ಹೋಗಿ ಬರೋದಕ್ಕೆ ಉಪಗ್ರಹ ಬೇಕಾ?

ಜೊತೆಗೆ ದಿನಕ್ಕೆ 10,000 ಹೆಜ್ಜೆ ಹಾಕಬೇಕು ಅನ್ನೋ ಜಪ. ಅದನ್ನು ಯಾವ ವೈದ್ಯರೂ ಅಳೆದು ತೂಗಿ ಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರಿತು. ಅದರ ಹೆಸರಿನಲ್ಲೇ 10,000 ಇತ್ತು. ಮಾರೋದಕ್ಕೆ ಇಟ್ಟ ಹೆಸರು ಈಗ ನಮ್ಮನೆ ಊಟದ ಮೇಜಿಗೆ ಬಂದು ಕೂತಿದೆ.

ಭಾನುವಾರ ಜಯನಗರದ ಒಂದು ಅಂಗಡಿಗೆ ಹೋದೆವು. ಅಲ್ಲಿ ಇವರು ನನ್ನ ಮಾನ ಕಳೆದರು. ಅಂಗಡಿ ಹುಡುಗನನ್ನು ಪುಸಲಾಯಿಸಿ ಡೆಮೋ ಬ್ಯಾಂಡುಗಳನ್ನೆಲ್ಲ ಈಚೆ ತೆಗೆಸಿದರು. ಎಡಗೈಗೆ ಮೂರು, ಬಲಗೈಗೆ ಎರಡು, ಮದುಮಗಳು ಬಳೆ ತೊಟ್ಟ ಹಾಗೆ ತೊಟ್ಟುಕೊಂಡು ಫ್ರಿಜ್ ಸಾಲಿನಿಂದ ವಾಷಿಂಗ್ ಮೆಷಿನ್ ಸಾಲಿಗೆ ನಡೆಯತೊಡಗಿದರು. ಬಾಯಲ್ಲಿ ನೂರು ಹೆಜ್ಜೆ ಎಣಿಸೋದು, ಯಾವುದು ಸರಿಯಾಗಿ ನೂರು ತೋರಿಸುತ್ತೋ ಅದನ್ನು ಕೊಳ್ಳೋದು. ಪ್ಲಾನ್ ಅದು.

ಗ್ರೈಂಡರ್ ಹತ್ತಿರ ನಿಂತಿದ್ದ ಅಜ್ಜಿಯೊಬ್ಬರು ಇವರನ್ನು ಅಂಗಡಿಯವರೇ ಅಂದುಕೊಂಡರು.

"ಇದೆಷ್ಟಪ್ಪಾ?"

"ನಲವತ್ತೇಳು."

"ನಲವತ್ತೇಳು ಸಾವಿರಾನಾ?"

"ನಲವತ್ತೆಂಟು."

"ಅಯ್ಯೋ, ಕೇಳ್ತಿದ್ದ ಹಾಗೇ ಏರಿಸ್ತಿದ್ದಾನಲ್ಲೇ!" ಅಂತ ಅಜ್ಜಿ ಮಗಳ ಕೈ ಹಿಡಿದರು. ಇವರು ನಿಲ್ಲಲಿಲ್ಲ. ನಿಂತರೆ ಲೆಕ್ಕ ತಪ್ಪುತ್ತಲ್ಲ! "ನಲವತ್ತೊಂಬತ್ತು" ಅಂತ ಮಿಕ್ಸಿ ಕಡೆ ತಿರುಗಿದರು. ಅಜ್ಜಿ ಬೆನ್ನು ಹತ್ತಿದರು. "ಮೊದಲು ಹೇಳಿದ ರೇಟಿಗೇ ಕೊಡಬೇಕು!" ಮ್ಯಾನೇಜರ್ ಓಡಿ ಬಂದ. ನಾನು ಯಾರೋ ಏನೋ ಅನ್ನೋ ಹಾಗೆ ಎಸಿಗಳ ಬೆಲೆ ಚೀಟಿ ಓದುತ್ತಾ ನಿಂತೆ.

ಕೊನೆಗೆ ಐದು ಬ್ಯಾಂಡೂ ಐದು ಲೆಕ್ಕ ಹೇಳಿದವು. ಅಜ್ಜಿಗೆ ಕೈ ಆಡಿಸಿ "ಅಲ್ಲ, ಅಲ್ಲ" ಅಂದದ್ದೂ ಸೇರಿರಬೇಕು. ಇವು ಕಾಲು ನೋಡೋದಿಲ್ಲ. ಒಳಗಿನ ಸೆನ್ಸರ್ ಕೈಯ ಅಲುಗಾಟ ನೋಡಿ ಹೆಜ್ಜೆ ಲೆಕ್ಕ ಹಾಕುತ್ತೆ. ಅದಕ್ಕೇ ಟ್ರಾಲಿ ತಳ್ಳುತ್ತಾ ಎಷ್ಟು ಸುತ್ತಿದರೂ ಹೆಜ್ಜೆ ಕಮ್ಮಿ ಬೀಳುತ್ತೆ. ನಾನೋ, ಎರಡೂ ಕೈಲಿ ತರಕಾರಿ ಚೀಲ ಹಿಡಿದು ಗಾಂಧಿ ಬಜಾರಿನಿಂದ ಬರೋಳು. ನನ್ನ ಹೆಜ್ಜೆ ಯಾವುದರಲ್ಲಿ ಸರಿಯಾಗಿ ಬರುತ್ತೆ ಅಂತ ಹುಡುಗನನ್ನು ಕೇಳಿದೆ. ಅವನು ಪಿಂಕ್ ಸ್ಟ್ರಾಪ್ ತೋರಿಸಿದ.

"ಬ್ಯಾಟರಿ 14 ದಿನ ಬರುತ್ತೆ ಮೇಡಂ" ಅಂತಲೂ ಸೇರಿಸಿದ. ನಮ್ಮಪ್ಪನ ಕೈಲಿ ಇದ್ದದ್ದು ಜಾಲಹಳ್ಳಿಯ ಎಚ್‌ಎಂಟಿ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಕೀ ಕೊಟ್ಟು, ಒಮ್ಮೆ ಕಿವಿಗೆ ಹಿಡಿದು ನೋಡಿ ಹೊರಡೋರು. ಲಾಲ್‌ಬಾಗಿನ ಬಂಡೆ ಹತ್ತಿಳಿದು ಬಂದರೆ ಎಷ್ಟು ಹೆಜ್ಜೆ ಆಯ್ತು ಅಂತ ಯಾರೂ ಕೇಳುತ್ತಿರಲಿಲ್ಲ. "ಹಾಲು ತಂದ್ರಾ?" ಅಂತ ಅಮ್ಮ ಕೇಳೋಳು, ಅಷ್ಟೇ.

ಬರಿಗೈಲಿ ಹೊರಬಂದೆವು. ಮನೆ ದೂರವೇನಿಲ್ಲ, ನಡೆದೇ ಹೋಗೋಣ ಅಂದೆ.

"ಬ್ಯಾಂಡ್ ಇಲ್ದೆ ನಡೆದರೆ ಸುಮ್ನೆ ವೇಸ್ಟ್ ಅಲ್ವಾ?" ಅಂತ ಆಟೋಗೆ ಕೈ ಅಡ್ಡ ಹಾಕಿದರು. "ಅಷ್ಟು ಹತ್ತಿರಕ್ಕೆ ಬರಲ್ಲ ಸಾರ್" ಅಂತ ಅವನು ಹೊರಟೇ ಹೋದ. ಇವರು ಆ್ಯಪ್ ತೆಗೆದರು.